ಬೀದಿಯ ಕೆಂಡದಿಂದ ವಿಮಾನದ ತಟ್ಟೆಗೆ

ಸಿಂಗಪುರದಿಂದ ಹೊರಟ ವಿಮಾನ ಸುಮಾರು ಹತ್ತು ಕಿಲೋಮೀಟರ್ ಎತ್ತರಕ್ಕೇರಿದೆ. ಬಿಸಿನೆಸ್ ಕ್ಲಾಸಿನ ಪ್ರಯಾಣಿಕರ ಮುಂದೆ ಗಗನಸಖಿ ಒಂದು ಪುಟ್ಟ ತಟ್ಟೆಯನ್ನು ಇಡುತ್ತಾಳೆ. ಅದರಲ್ಲಿ ಬಿದಿರಿನ ಕಡ್ಡಿಗೆ ಪೋಣಿಸಿ ಸುಟ್ಟ ಕೋಳಿ ಮಾಂಸದ ತುಂಡುಗಳು; ಪಕ್ಕದಲ್ಲಿ ಕಡಲೆಕಾಯಿ ಬೀಜದ ಗಟ್ಟಿ ಗೊಜ್ಜು, ಸೌತೆಕಾಯಿ ಮತ್ತು ಈರುಳ್ಳಿಯ ಹೋಳುಗಳು. ಇದರ ಹೆಸರು ಸಾಟೇ. ಸಿಂಗಪುರ ಏರ್‌ಲೈನ್ಸ್ ಮತ್ತು ಮಲೇಷ್ಯಾ ಏರ್‌ಲೈನ್ಸ್ ಸಂಸ್ಥೆಗಳು ಬಹುಕಾಲದಿಂದ ತಮ್ಮ ದೂರಪಯಣಗಳ ಬಿಸಿನೆಸ್ ಕ್ಲಾಸಿನಲ್ಲಿ ಇದನ್ನು ತಮ್ಮ ಗುರುತಿನ ತಿನಿಸೆಂಬಂತೆ ಬಡಿಸುತ್ತ ಬಂದಿವೆ.

ತುಂಡುಗಳ ಅಂಚು ಅಲ್ಲಲ್ಲಿ ಕಪ್ಪಾಗಿದೆ. ಬಾಯಿಗಿಟ್ಟರೆ ಸುಟ್ಟ ಕಂಪು ತಿಳಿಯುತ್ತದೆ. ಆದರೆ ವಿಮಾನದೊಳಗೆ ಕೆಂಡವಿರಲಿ, ಬೆಂಕಿಕಡ್ಡಿ ಗೀರುವುದಕ್ಕೂ ಅವಕಾಶವಿಲ್ಲ. ಬೆಂಕಿಯೇ ಇಲ್ಲದ ಕಡೆ ಬೆಂಕಿಯ ಅಡುಗೆ ಹೇಗೆ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಶಾಖ, ಶೈತ್ಯ, ಗಾಳಿಯ ಒತ್ತಡ ಮತ್ತು ಸೂಕ್ಷ್ಮಜೀವಿಗಳನ್ನು ಒಳಗೊಂಡ ನೂರು ವರ್ಷಗಳ ಚರಿತ್ರೆ ತೆರೆದುಕೊಳ್ಳುತ್ತದೆ.

ಅಡ್ಡೆ ಹೊತ್ತ ಅಡುಗೆಮನೆ

ಸಾಟೇಯ ತವರು ಇಂಡೊನೇಷ್ಯದ ಜಾವಾ ದ್ವೀಪ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅಲ್ಲಿನ ಬೀದಿಗಳಲ್ಲಿ ಅದು ಜನಪ್ರಿಯವಾಗಿತ್ತು. ಅರಬ್ ಮತ್ತು ಭಾರತೀಯ ಮುಸ್ಲಿಂ ವರ್ತಕರು ತಂದ ಕಬಾಬಿನ ಪ್ರಭಾವ ಇದರ ಮೇಲಿದೆ ಎಂಬುದು ಆಹಾರ ಚರಿತ್ರೆಕಾರರ ಸಾಮಾನ್ಯ ಅಭಿಪ್ರಾಯ. ಮಾಂಸಕ್ಕೆ ಸವರುವ ಅರಿಶಿನ, ಕೊತ್ತಂಬರಿ ಬೀಜ, ಮಜ್ಜಿಗೆ ಹುಲ್ಲು ಏಷ್ಯದವು. ಗೊಜ್ಜಿಗೆ ಬೇಕಾದ ಕಡಲೆಕಾಯಿ ಮಾತ್ರ ದಕ್ಷಿಣ ಅಮೆರಿಕದ ಸಸ್ಯ. ಪೋರ್ಚುಗೀಸರು ಮತ್ತು ಸ್ಪೇನ್ ದೇಶದವರ ಹಡಗುಗಳ ಮೂಲಕ ಪೂರ್ವದೇಶಗಳಿಗೆ ಬಂದದ್ದು.

ಜಾವಾದಿಂದ ವಲಸೆ ಹೋದವರೊಡನೆ ಸಾಟೇ ಮಲಯ ಪರ್ಯಾಯದ್ವೀಪಕ್ಕೂ ಸಿಂಗಪುರಕ್ಕೂ ಹಬ್ಬಿತು. ಮಾರುವವನು ಹೆಗಲ ಮೇಲೆ ಅಡ್ಡೆ ಹೊತ್ತು ಬರುತ್ತಿದ್ದ. ಒಂದು ತುದಿಯಲ್ಲಿ ಇದ್ದಿಲ ಒಲೆ, ಇನ್ನೊಂದು ತುದಿಯಲ್ಲಿ ಮಾಂಸ, ಗೊಜ್ಜು ಮತ್ತು ತೆಂಗಿನ ಗರಿಯ ಹೆಣಿಗೆಯೊಳಗೆ ಬೇಯಿಸಿದ ಅನ್ನದ ಗಟ್ಟಿ. ನಮ್ಮ ಕರಾವಳಿಯ ಕೊಟ್ಟೆ ಕಡುಬನ್ನು ಕಂಡವರಿಗೆ ಈ ಕ್ರಮ ಹೊಸದೆನಿಸದು. ಮಾಂಸ ಪೋಣಿಸಲು ತೆಂಗಿನ ಗರಿಯ ಕಡ್ಡಿಯೇ ಸಾಕಾಗಿತ್ತು. ಸಿಂಗಪುರದ ಬೀಚ್ ರಸ್ತೆಯ ಬಳಿ ಇಂಥ ವ್ಯಾಪಾರಿಗಳು ಸೇರುತ್ತಿದ್ದ ಜಾಗಕ್ಕೆ ‘ಸಾಟೇ ಕ್ಲಬ್’ ಎಂಬ ಹೆಸರೇ ಬಂದಿತ್ತು. ಅದು ಮುಂದೆ ಎಸ್‌ಪ್ಲನೇಡ್‌ಗೆ ಸ್ಥಳಾಂತರಗೊಂಡು 1995ರಲ್ಲಿ ಮುಚ್ಚಿತು.

ಬೀದಿಯ ಈ ವ್ಯವಸ್ಥೆಯಲ್ಲಿ ಒಂದು ಸರಳ ರಕ್ಷಣೆ ಅಡಗಿತ್ತು. ಒಲೆಗೂ ತಿನ್ನುವವನ ಬಾಯಿಗೂ ನಡುವೆ ಇದ್ದ ಅಂತರ ಕೆಲವೇ ನಿಮಿಷ. ಸುಟ್ಟ ಮಾಂಸದ ಮೇಲೆ ಬ್ಯಾಕ್ಟೀರಿಯಗಳು ಬೆಳೆಯಲು ಸಮಯವೇ ಸಿಗುತ್ತಿರಲಿಲ್ಲ. ಸಾಟೇ ವಿಮಾನ ಏರಿದಾಗ ಕಳೆದುಕೊಂಡದ್ದು ಈ ಅನುಕೂಲವನ್ನು.

ಆಕಾಶಕ್ಕೇರಿದ ಊಟ

ವಿಮಾನದ ಊಟ ಶುರುವಾದದ್ದು ತಣ್ಣನೆಯ ಪೊಟ್ಟಣದಿಂದ. 1919ರ ಅಕ್ಟೋಬರ್ 11ರಂದು ಲಂಡನ್–ಪ್ಯಾರಿಸ್ ಪಯಣದಲ್ಲಿ ಹ್ಯಾಂಡ್ಲಿ ಪೇಜ್ ಸಂಸ್ಥೆ ಊಟದ ಪೆಟ್ಟಿಗೆಗಳನ್ನು ತಲಾ 3 ಷಿಲಿಂಗಿಗೆ ಮಾರಿತು. 1930ರ ದಶಕದಲ್ಲಿ ಅಮೆರಿಕದ ವಿಮಾನ ಸಂಸ್ಥೆಗಳು ನೆಲದ ಮೇಲೆ ಪ್ರತ್ಯೇಕ ಅಡುಗೆಮನೆಗಳನ್ನು ತೆರೆದವು. ಬಿಸಿಯೂಟಕ್ಕೆ ದಾರಿ ತೋರಿದವನು ಅಮೆರಿಕದ ವಿಲಿಯಂ ಮ್ಯಾಕ್ಸನ್. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅವನ ಸಂಸ್ಥೆ ಹೆಪ್ಪುಗಟ್ಟಿಸಿದ ಊಟದ ತಟ್ಟೆಗಳನ್ನು ಸೇನಾ ವಿಮಾನಗಳಿಗೆ ಒದಗಿಸಿತು. ಜೊತೆಗೆ ಬಿಸಿಗಾಳಿಯನ್ನು ಬೀಸಣಿಗೆಯಿಂದ ಸುತ್ತಾಡಿಸುವ ಪುಟ್ಟ ವಿದ್ಯುತ್ ಒಲೆಯನ್ನೂ ರೂಪಿಸಿತು. ಅಡುಗೆ ನೆಲದ ಮೇಲೆ, ಬಿಸಿ ಮಾಡುವುದು ಆಕಾಶದಲ್ಲಿ ಎಂಬ ಪದ್ಧತಿ ಹೀಗೆ ನೆಲೆಗೊಂಡಿತು.

ಊಟ ಪೈಪೋಟಿಯ ಸರಕಾದದ್ದು ಅನಂತರ. ಟಿಕೆಟ್ಟಿನ ದರವನ್ನು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವೇ ನಿಗದಿ ಮಾಡುತ್ತಿದ್ದ ಕಾಲವದು. ದರದಲ್ಲಿ ಸ್ಪರ್ಧಿಸಲಾಗದವರು ತಟ್ಟೆಯಲ್ಲಿ ಸ್ಪರ್ಧಿಸಿದರು. 1958ರಲ್ಲಿ ಅಟ್ಲಾಂಟಿಕ್ ಮಾರ್ಗದ ಅಗ್ಗದ ದರ್ಜೆಗೆ ಸ್ಯಾಂಡ್‌ವಿಚ್ ಮಾತ್ರ ಎಂಬ ನಿಯಮವಿತ್ತು. ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಸಂಸ್ಥೆ ಸ್ಯಾಂಡ್‌ವಿಚ್ ಹೆಸರಿನಲ್ಲಿ ಭರ್ಜರಿ ಊಟವನ್ನೇ ಬಡಿಸಿ 20,000 ಡಾಲರ್ ದಂಡ ತೆತ್ತಿತು!

ಸಾಟೇಯ ನಾಡಿನಲ್ಲಿ ಮಲಯನ್ ಏರ್‌ವೇಸ್ ತನ್ನ ಮೊದಲ ವಾಣಿಜ್ಯ ಪಯಣವನ್ನು ನಡೆಸಿದ್ದು 1947ರ ಮೇ 1ರಂದು. ವಿಮಾನ ಎರಡು ಎಂಜಿನ್‌ಗಳ ಪುಟ್ಟ ಏರ್‌ಸ್ಪೀಡ್ ಕಾನ್ಸಲ್. 1965ರಲ್ಲಿ ಸಿಂಗಪುರ ಮತ್ತು ಮಲೇಷ್ಯಾ ಬೇರೆ ಬೇರೆ ದೇಶಗಳಾದವು. 1972ರಲ್ಲಿ ಅವುಗಳ ಜಂಟಿ ವಿಮಾನ ಸಂಸ್ಥೆಯೂ ಎರಡಾಯಿತು. ಎರಡೂ ಸಂಸ್ಥೆಗಳು ಯೂರೋಪಿನ ಹಳೆಯ ಸಂಸ್ಥೆಗಳ ಎದುರು ತಮ್ಮ ನೆಲದ ಗುರುತನ್ನು ತೋರಿಸಬೇಕಿತ್ತು. 1970ರ ದಶಕದ ಕೊನೆಗೆ ಪ್ರಪಂಚದಾದ್ಯಂತ ಬಿಸಿನೆಸ್ ಕ್ಲಾಸ್ ಎಂಬ ಹೊಸ ದರ್ಜೆಯೂ ಹುಟ್ಟಿಕೊಂಡಿತು. ಒಂದೇ ಬೀದಿಯ ತಿನಿಸು ಎರಡೂ ಸಂಸ್ಥೆಗಳ ತಟ್ಟೆಗೆ ಬಂದದ್ದು ಈ ಹಿನ್ನೆಲೆಯಲ್ಲಿ.

ಸಣ್ಣ ತುಂಡಿನ ಲಾಭ

ಬೀದಿಯ ತಿನಿಸುಗಳೆಲ್ಲ ವಿಮಾನಕ್ಕೆ ಒಗ್ಗುವುದಿಲ್ಲ. ಸಾಟೇ ಒಗ್ಗಿದ್ದಕ್ಕೆ ಭೌತವಿಜ್ಞಾನದ ಕಾರಣವಿದೆ. ಘನವಸ್ತುವಿನ ಹೊರಮೈಯಿಂದ ನಡುವಿನವರೆಗೆ ಶಾಖ ಹರಿಯಲು ಬೇಕಾಗುವ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಬೆರಳು ದಪ್ಪದ ಸಾಟೇ ತುಂಡು ಬೇಗ ಬೇಯುತ್ತದೆ, ಬೇಗ ತಣಿಯುತ್ತದೆ, ವಿಮಾನದ ಒಲೆಯಲ್ಲಿ ಬೇಗ ಬಿಸಿಯೂ ಆಗುತ್ತದೆ. ಇಡೀ ಕೋಳಿಯ ತೊಡೆಗೆ ಈ ಮೂರೂ ಸಾಧ್ಯವಿಲ್ಲ. ಅಡ್ಡೆಯ ವ್ಯಾಪಾರಿ ಇದ್ದಿಲು ಉಳಿಸಲು ಕಂಡುಕೊಂಡ ಅಳತೆ ವಿಮಾನದ ಅಡುಗೆಯವರಿಗೂ ಅನುಕೂಲವಾಯಿತು.

ಕಂದು ಬಣ್ಣ ಮತ್ತು ಕಂಪಿನ ವಿಷಯ ಬೇರೆ. ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆಗಳೂ ಬಿಸಿಯಲ್ಲಿ ವರ್ತಿಸಿ ನೂರಾರು ಸುವಾಸನಾ ಸಂಯುಕ್ತಗಳನ್ನು ಕೊಡುತ್ತವೆ. ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ 1912ರಲ್ಲಿ ವರದಿ ಮಾಡಿದ ಈ ಕ್ರಿಯೆಗೆ ಅವನದೇ ಹೆಸರಿದೆ. ಇದು ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಹೊರಮೈಯಲ್ಲಿ ನೀರಿನ ಪಸೆ ಇರುವ ತನಕ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೆಂಡದ ವಿಕಿರಣ ಶಾಖ ಆ ಪಸೆಯನ್ನು ಕ್ಷಣಗಳಲ್ಲಿ ಒಣಗಿಸುತ್ತದೆ. ಮುಚ್ಚಿದ ತಟ್ಟೆಯನ್ನು ವಿಮಾನದ ಒಲೆಯಲ್ಲಿಟ್ಟರೆ ಅದರ ಆವಿಯೇ ಅದನ್ನು ತೇವವಾಗಿಡುತ್ತದೆ. ಆದ್ದರಿಂದ ಸಾಟೇಯನ್ನು ಸುಡುವ ಕೆಲಸ ನೆಲದ ಮೇಲೆಯೇ ಮುಗಿಯಬೇಕು. ಮಯಾರ್ ಕ್ರಿಯೆಯ ಫಲ ಮಾತ್ರ ವಿಮಾನ ಏರುತ್ತದೆ.

ಒಂದು ಬೆರಳಿನ ಗಾಯ

ನೆಲದ ಒಲೆಗೂ ಆಕಾಶದ ತಟ್ಟೆಗೂ ನಡುವೆ ಈಗ ಹಲವು ಗಂಟೆಗಳ ಅಂತರ. ಅಪಾಯವಿರುವುದು ಇಲ್ಲಿಯೇ. ಇದನ್ನು ಜಗತ್ತಿಗೆ ಕಲಿಸಿದ್ದು ಸಾಟೇಯಲ್ಲ, ಹಂದಿಮಾಂಸದ ಹೋಳು.

1975ರ ಫೆಬ್ರವರಿ 3ರಂದು ಟೋಕಿಯೊದಿಂದ ಅಲಾಸ್ಕದ ಆ್ಯಂಕರೇಜ್ ಮೂಲಕ ಹೊರಟಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಕೋಪನ್‌ಹೇಗನ್ ಸಮೀಪಿಸುತ್ತಿತ್ತು. ಬೆಳಗಿನ ಉಪಾಹಾರವಾಗಿ ಮೊಟ್ಟೆಯ ಆಮ್ಲೆಟ್ ಮತ್ತು ಹಂದಿಮಾಂಸ ಬಡಿಸಲಾಯಿತು. ಸ್ವಲ್ಪ ಹೊತ್ತಿನಲ್ಲೇ ವಾಂತಿ, ಹೊಟ್ಟೆನೋವು, ಭೇದಿ ಶುರುವಾದವು. 343 ಪ್ರಯಾಣಿಕರಲ್ಲಿ 196 ಮಂದಿ ಕಾಯಿಲೆ ಬಿದ್ದರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆ್ಯಂಕರೇಜ್‌ನ ಅಡುಗೆಯವನೊಬ್ಬನ ಬೆರಳಿನಲ್ಲಿ ಸೋಂಕಾದ ಗಾಯವಿತ್ತು. ಅಲ್ಲಿದ್ದ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯ ಮಾಂಸಕ್ಕೆ ಅಂಟಿತ್ತು. ಸಾಕಷ್ಟು ತಣಿಸದೆ ಗಂಟೆಗಟ್ಟಲೆ ಇಟ್ಟಿದ್ದರಿಂದ ಅದು ಬೆಳೆದು ವಿಷ ಸ್ರವಿಸಿತ್ತು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯ ಸಾಯುತ್ತದೆ, ಆದರೆ ಅದು ಬಿಟ್ಟ ವಿಷ ಸಾಮಾನ್ಯ ಅಡುಗೆಯ ಶಾಖಕ್ಕೆ ಅಳಿಯುವುದಿಲ್ಲ. ‘ಚೆನ್ನಾಗಿ ಬಿಸಿ ಮಾಡಿದ್ದೇವೆ’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಚಾಲಕರು ಈ ಉಪಾಹಾರ ತಿಂದಿರಲಿಲ್ಲ. ಆ್ಯಂಕರೇಜ್‌ನಲ್ಲಿ ವಿಮಾನ ಏರಿದ್ದ ಅವರ ದೇಹದ ಗಡಿಯಾರಕ್ಕೆ ಅದು ರಾತ್ರಿಯೂಟದ ಹೊತ್ತಾಗಿತ್ತು. ಅವರು ಬೇರೆ ಊಟ ಮಾಡಿದ್ದರು. ಅವರೂ ಅದನ್ನೇ ತಿಂದಿದ್ದರೆ ವಿಮಾನವನ್ನು ಇಳಿಸುವವರು ಯಾರು?

ಸಾಟೇಗೂ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಮಾಂಸವನ್ನು ಕತ್ತರಿಸುವ, ಪೋಣಿಸುವ, ತಟ್ಟೆಗೆ ಜೋಡಿಸುವ ಪ್ರತಿ ಹಂತದಲ್ಲೂ ಕೈ ತಗಲುವ ಸಂಭವವಿದೆ. ಬ್ಯಾಕ್ಟೀರಿಯಗಳು ಹುಲುಸಾಗಿ ಬೆಳೆಯುವುದು ಸುಮಾರು 5ರಿಂದ 60 ಡಿಗ್ರಿಗಳ ನಡುವೆ. ಆದ್ದರಿಂದ ಸುಟ್ಟ ಮಾಂಸವನ್ನು ರಭಸದ ತಣ್ಣಗಾಳಿಯಲ್ಲಿ ಬೇಗ ತಣಿಸಿ, ವಿಮಾನದ ಒಲೆ ಸೇರುವವರೆಗೂ ಶೀತಲವಾಗಿಯೇ ಇಡಬೇಕು. ಎಲ್ಲೆಲ್ಲಿ ಅಪಾಯ ಹುಟ್ಟಬಹುದು ಎಂದು ಮೊದಲೇ ಗುರುತಿಸಿ, ಆ ಹಂತಗಳಲ್ಲಿ ಉಷ್ಣತೆ ಮತ್ತು ಕಾಲವನ್ನು ಅಳೆದು ಬರೆದಿಡುವ ಕ್ರಮ ಇಂದು ವಿಮಾನದ ಅಡುಗೆಮನೆಗಳಲ್ಲಿ ರೂಢಿಯಾಗಿದೆ. ಇದು ಮೊದಲು ರೂಪುಗೊಂಡದ್ದು 1960ರ ದಶಕದಲ್ಲಿ, ಗಗನಯಾತ್ರಿಗಳ ಆಹಾರಕ್ಕಾಗಿ ನಾಸಾ ಮತ್ತು ಪಿಲ್ಸ್‌ಬರಿ ಕಂಪನಿ ಸೇರಿ ನಡೆಸಿದ ಕೆಲಸದಲ್ಲಿ. ವ್ಯೋಮಯಾತ್ರೆಯಿಂದ ಬಂದ ಶಿಸ್ತು ಬೀದಿಯ ತಿನಿಸನ್ನೂ ಕಾಯುತ್ತಿದೆ.

ಮುಳ್ಳಯ್ಯನಗಿರಿಯ ಎತ್ತರದ ನಾಲಿಗೆ

ಸುರಕ್ಷಿತವಾಗಿ ಬಂದ ಸಾಟೇ ರುಚಿಯಾಗಿಯೂ ಇರಬೇಕಲ್ಲ? ವಿಮಾನದೊಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ನಮ್ಮ ರಾಜ್ಯದ ಅತ್ಯಂತ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಒತ್ತಡ 2400 ಮೀಟರಿನಷ್ಟಿದ್ದಾಗ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಜೊತೆಗೆ ಗಾಳಿ ಬಹಳ ಒಣ. ಸಾಪೇಕ್ಷ ಆರ್ದ್ರತೆ ಹಲವು ಬಾರಿ ಶೇಕಡ 20ಕ್ಕಿಂತ ಕಡಿಮೆ. ಮೂಗಿನ ಒಳಪೊರೆ ಒಣಗುತ್ತದೆ. ರುಚಿ ಎಂದು ನಾವು ಕರೆಯುವುದರಲ್ಲಿ ಬಹುಪಾಲು ವಾಸನೆಯೇ ಆದ್ದರಿಂದ ಊಟ ಸಪ್ಪೆಯೆನಿಸುತ್ತದೆ.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾಗಾಗಿ 2010ರ ಸುಮಾರಿಗೆ ಇದನ್ನು ಪರೀಕ್ಷಿಸಿದರು. ವಿಮಾನದ ಒಡಲಿನ ಭಾಗವೊಂದನ್ನು ಕಡಿಮೆ ಒತ್ತಡದ ಕೋಣೆಯಲ್ಲಿಟ್ಟು ಜನರಿಗೆ ಊಟ ಕೊಟ್ಟರು. ಉಪ್ಪು ಮತ್ತು ಸಿಹಿಯ ಅರಿವು ಗಣನೀಯವಾಗಿ ಕುಗ್ಗಿತು. ಏಲಕ್ಕಿ, ಮಜ್ಜಿಗೆ ಹುಲ್ಲಿನಂಥ ಕಂಪುಗಳು ಅಷ್ಟಾಗಿ ಕುಗ್ಗಲಿಲ್ಲ. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ವಿಮಾನದಂಥ ಗದ್ದಲ ಸಿಹಿಯ ಅರಿವನ್ನು ತಗ್ಗಿಸುವುದನ್ನು ಕಂಡರು. ಮಜ್ಜಿಗೆ ಹುಲ್ಲು, ಅರಿಶಿನ, ಸುಟ್ಟ ಕಂಪು, ಒಣ ಬಾಯಿಗೆ ಹಿತವಾದ ಎಣ್ಣೆಯಂಶದ ಗೊಜ್ಜು ಇವೆಲ್ಲ ಸಾಟೇಯಲ್ಲಿ ಮೊದಲಿನಿಂದಲೂ ಇವೆ. ಆಕಾಶದಲ್ಲೂ ಅದು ರುಚಿಸುವುದಕ್ಕೆ ಇದೇ ಕಾರಣವಿರಬೇಕು. ಅದೇ ಗೊಜ್ಜು ಕಡಲೆಕಾಯಿ ಒಗ್ಗದವರಿಗೆ ಪ್ರಾಣಾಪಾಯವನ್ನೂ ತರಬಲ್ಲದು. ಸಮೀಪದಲ್ಲಿ ಆಸ್ಪತ್ರೆಯಿಲ್ಲದ ಎತ್ತರದಲ್ಲಿ ಇದನ್ನು ಮರೆಯುವಂತಿಲ್ಲ.

ತರಗತಿಗೆ ಒಂದು ಪ್ರಯೋಗ

2020ರ ಅಕ್ಟೋಬರ್‌ನಲ್ಲಿ ಕೋವಿಡ್ ಕಾರಣ ಹಾರಾಟ ನಿಂತಿದ್ದಾಗ ಸಿಂಗಪುರ ಏರ್‌ಲೈನ್ಸ್ ತನ್ನ ಎ380 ವಿಮಾನವನ್ನು ಚಾಂಗಿ ನಿಲ್ದಾಣದಲ್ಲೇ ನಿಲ್ಲಿಸಿ ಊಟದ ಮನೆಯಾಗಿಸಿತು. ಜನ ಹಣ ಕೊಟ್ಟು ನಿಂತ ವಿಮಾನದಲ್ಲಿ ಉಂಡರು. ಅಲ್ಲಿ ಒತ್ತಡ ನೆಲದ ಮೇಲಿನದೇ, ಹಾರಾಟದ ಗದ್ದಲವೂ ಇಲ್ಲ. ಅದೇ ಊಟ ಅವರಿಗೆ ಬೇರೆಯಾಗಿ ರುಚಿಸಿರಬಹುದು.

ಇಷ್ಟೆಲ್ಲ ಏರ್ಪಾಟಿಲ್ಲದೆ ಶಾಲೆಯಲ್ಲೇ ಮಾಡಬಹುದಾದ ಕೆಲಸವೂ ಇದೆ. ಆಲೂಗೆಡ್ಡೆಯಿಂದ 1 ಸೆಂಟಿಮೀಟರ್ ಮತ್ತು 2 ಸೆಂಟಿಮೀಟರ್ ಬದಿಯ ಘನಗಳನ್ನು ಕತ್ತರಿಸಿ ಕುದಿಯುವ ನೀರಿಗೆ ಹಾಕಿ. ನಿಮಿಷಕ್ಕೊಮ್ಮೆ ಒಂದೊಂದನ್ನು ತೆಗೆದು ಕತ್ತರಿಸಿ, ನಡುವಿನವರೆಗೂ ಬೆಂದಿದೆಯೇ ನೋಡಿ, ಕಾಲವನ್ನು ಬರೆದುಕೊಳ್ಳಿ. ದೊಡ್ಡದಕ್ಕೆ ಎರಡರಷ್ಟಲ್ಲ, ನಾಲ್ಕರಷ್ಟರ ಸಮೀಪದ ಕಾಲ ಹಿಡಿಯುವುದು ಕಾಣುತ್ತದೆ. ಶಾಲೆಯ ಬಿಸಿಯೂಟದ ದೊಡ್ಡ ಪಾತ್ರೆಯ ಅನ್ನ ತಡವಾಗಿ ತಣಿಯುವುದೂ, ಅದನ್ನು ಬೇಗ ಬಡಿಸಿ ಮುಗಿಸಬೇಕೆನ್ನುವುದೂ ಇದೇ ನಿಯಮಕ್ಕೆ ಸೇರಿದ್ದು. ಬೆರಳಿಗೆ ಗಾಯವಾದವರು ಅಡುಗೆಗೆ ಕೈ ಹಾಕಬಾರದು ಎಂಬ ಮಾತನ್ನು ಮಕ್ಕಳಿಗೆ ಹೇಳುವಾಗ ಆ್ಯಂಕರೇಜ್‌ನ ಕಥೆಯನ್ನೂ ಹೇಳಿ. ಕಾರಣ ತಿಳಿದ ನಿಯಮ ಮನಸ್ಸಿನಲ್ಲಿ ಉಳಿಯುತ್ತದೆ.