ವಿಮಾನ ನಿಲ್ದಾಣದ ಸುತ್ತಲಿನ ಪಕ್ಷಿಸಮುದಾಯ ಮತ್ತು ಡಿಕ್ಕಿ ತಡೆ: ಬೆಂಗಳೂರಿನ ಉತ್ತರ ಭಾಗವನ್ನು ಕುರಿತ ವಿವೇಚನೆ

1960ರ ಅಕ್ಟೋಬರ್ 4ರಂದು ಬಾಸ್ಟನ್ನಿನಿಂದ ಮೇಲೇರಿದ ಎಲೆಕ್ಟ್ರಾ ವಿಮಾನಕ್ಕೆ ಹಕ್ಕಿಗಳ ಹಿಂಡು ಬಡಿದು 62 ಮಂದಿ ಸತ್ತರು. ಉಳಿದ ಗರಿಗಳನ್ನು ಸ್ಮಿತ್ಸೋನಿಯನ್ ಸಂಸ್ಥೆಯ ರಾಕ್ಸಿ ಲೇಬೋರ್ನ್ ಪರೀಕ್ಷಿಸಿದರು. ಅವು ಸ್ಟಾರ್ಲಿಂಗ್‌ನವು, ನಮ್ಮ ಗೊರವಂಕದ ಕುಟುಂಬಕ್ಕೆ ಸೇರಿದ, ನೂರು ಗ್ರಾಂ ಕೂಡ ತೂಗದ ಹಕ್ಕಿಯವು. ‘ಹಕ್ಕಿ ಬಡಿಯಿತು’ ಎಂದು ಬರೆದು ಕಡತ ಮುಚ್ಚದೆ, ಯಾವ ಹಕ್ಕಿ ಎಂದು ಕೇಳುವ ಕ್ರಮ ಅಲ್ಲಿಂದ ಬೆಳೆಯಿತು. 2009ರಲ್ಲಿ ಹಡ್ಸನ್ ನದಿಯ ಮೇಲೆ ಇಳಿದ ವಿಮಾನದ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡಿಕ್ಕಿ ಹೊಡೆದ ಕೆನಡಾ ಬಾತುಗಳು ನ್ಯೂಯಾರ್ಕಿನಲ್ಲೇ ನೆಲೆಸಿದವಲ್ಲ, ಲ್ಯಾಬ್ರಡಾರಿನಿಂದ ವಲಸೆ ಬಂದವು ಎಂಬುದನ್ನು ಗರಿಯ ಐಸೊಟೋಪ್ ಪರೀಕ್ಷೆ ತೋರಿಸಿತು. ಊರಿನ ಬಾತುಗಳನ್ನು ಹಿಡಿದು ಕೊಂದರೆ ಆ ಅವಘಡ ತಪ್ಪುತ್ತಿರಲಿಲ್ಲ.

ಬೆಂಗಳೂರಿನ ಉತ್ತರಕ್ಕೆ ಯಲಹಂಕದ ವಾಯುನೆಲೆಯೂ 2008ರಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣವೂ ಇವೆ. ಇಲ್ಲಿ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಹದ್ದು. ನೆಲ ಕಾದು ಬಿಸಿಗಾಳಿ ಏಳತೊಡಗಿದ ಮೇಲೆ ಅದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಏರುತ್ತದೆ, ಕಣ್ಣು ಮಾತ್ರ ಕೆಳಗಿನ ಆಹಾರದ ಮೇಲೆ. ವಿಮಾನ ಏರುವ, ಇಳಿಯುವ ದಾರಿಯೂ ಅದೇ ಎತ್ತರದಲ್ಲಿದೆ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದದ್ದು; ವೇಗ ಇಮ್ಮಡಿಸಿದರೆ ಪೆಟ್ಟು ನಾಲ್ಮಡಿಸುತ್ತದೆ. ಮುಕ್ಕಾಲು ಕಿಲೋ ತೂಗುವ ಹದ್ದು ಎಂಜಿನ್ನಿನ ಅಲಗುಗಳನ್ನು ಮುರಿಯಲು ಅಷ್ಟು ಸಾಕು.

ಆ ಹದ್ದನ್ನು ಕರೆಯುವುದು ನಮ್ಮ ಕಸ. ಯಲಹಂಕಕ್ಕೆ ಸಮೀಪದ ಮಾವಳ್ಳಿಪುರದಲ್ಲಿ 2012ರವರೆಗೆ ನಗರದ ಕಸ ಸುರಿಯಲಾಗುತ್ತಿತ್ತು. ಅದನ್ನು ನಿಲ್ಲಿಸಲು ಊರಿನವರೇ ಬೀದಿಗಿಳಿಯಬೇಕಾಯಿತು. ನಿಲ್ದಾಣದಿಂದ 10 ಕಿ.ಮೀ. ವ್ಯಾಪ್ತಿಯೊಳಗೆ ಪ್ರಾಣಿವಧೆ ಮಾಡಬಾರದು, ಹಕ್ಕಿಗಳನ್ನು ಸೆಳೆಯುವ ಕಸ ಸುರಿಯಬಾರದು ಎಂದು 1937ರ ವಿಮಾನ ನಿಯಮಗಳ 91ನೆಯ ನಿಯಮ ಹೇಳುತ್ತದೆ. ಆದರೆ ಅದು ನಮಗೆ ನೆನಪಾಗುವುದು ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಹತ್ತಿರ ಬಂದಾಗ. 2023ರಲ್ಲಿ ಜನವರಿ 30ರಿಂದ ಫೆಬ್ರುವರಿ 20ರವರೆಗೆ ಮಾಂಸದಂಗಡಿಗಳಿಗೆ ಬೀಗ ಹಾಕಿಸಲಾಯಿತು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಗುರಿಯೇ ತಪ್ಪಿದೆ. ಗಾಜಿನ ಬಾಗಿಲ ಹಿಂದೆ ನೇತುಹಾಕಿದ ಮಾಂಸಕ್ಕೆ ಹದ್ದು ಎರಗುವುದಿಲ್ಲ; ರಾತ್ರಿ ಅಂಗಡಿ ಮುಚ್ಚಿದ ಮೇಲೆ ಚರಂಡಿ ಬದಿಗೆ ಬೀಳುವ ಕರುಳು, ಕೋಳಿಯ ತಲೆ, ಪುಕ್ಕಗಳ ಚೀಲಕ್ಕೆ ಎರಗುತ್ತದೆ. ಮೂರು ವಾರ ಸಣ್ಣ ವ್ಯಾಪಾರಿಯ ದುಡಿಮೆ ನಿಲ್ಲುತ್ತದೆ, ನಾಲ್ಕನೆಯ ವಾರ ಚೀಲ ಮತ್ತೆ ಅದೇ ಜಾಗಕ್ಕೆ ಬೀಳುತ್ತದೆ.

ನಿಲ್ದಾಣದ ಬೇಲಿಯೊಳಗಿನ ಸಮಸ್ಯೆ ಬೇರೆ. ರನ್‌ವೇ ಅಂಚಿನ ಬಯಲು ಟಿಟ್ಟಿಭಕ್ಕೆ ಹೇಳಿ ಮಾಡಿಸಿದ ಜಾಗ. ಅದು ಗೂಡು ಕಟ್ಟುವುದಿಲ್ಲ. ನೆಲದಲ್ಲಿ ಸಣ್ಣ ಕುಳಿ ತೋಡಿ, ಸುತ್ತ ಕಲ್ಲುಹರಳು ಸೇರಿಸಿ, ಮಣ್ಣುಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ. ಪಕ್ಕದಲ್ಲೇ ಕಾಲಿಟ್ಟರೂ ಮೊಟ್ಟೆ ಕಾಣದು. ರಾತ್ರಿಯೂ ಎಚ್ಚರವಾಗಿರುವ ಈ ಹಕ್ಕಿ ಸದ್ದಾದರೆ ದೂರ ಹಾರದೆ ಕೂಗುತ್ತ ಮೊಟ್ಟೆಯ ಸುತ್ತಲೇ ತಿರುಗುತ್ತದೆ. ಪಟಾಕಿ ಸಿಡಿಸಿ ಹೆದರಿಸಿದರೆ ಅದು ರನ್‌ವೇಯ ಮೇಲೆಯೇ ಹಾರಾಡುವ ಅಪಾಯವಿದೆ. ಗ್ಯಾಸ್ ತೋಪಿನ ಸದ್ದಿಗೂ ಹಕ್ಕಿಗಳು ಬೇಗನೆ ಒಗ್ಗಿಕೊಳ್ಳುತ್ತವೆ. ಹುಲ್ಲನ್ನು 15–20 ಸೆಂ.ಮೀ. ಬೆಳೆಸುವ ಬ್ರಿಟನ್ನಿನ ಪದ್ಧತಿಯನ್ನು ಇಲ್ಲಿ ಹಾಗೆಯೇ ತರುವುದೂ ಸರಿಯಲ್ಲ. ಎತ್ತರದ ಹುಲ್ಲಿನಲ್ಲಿ ಇಲಿ ಹೆಚ್ಚಿದರೆ ಗೂಬೆ ಬರುತ್ತದೆ. ಕೊಯ್ದ ದಿನ ಮಿಡತೆಗಳು ಹೊರಬಿದ್ದು ಬೆಳ್ಳಕ್ಕಿಗಳು ಇಳಿಯುತ್ತವೆ. ವಿಮಾನಗಳ ಓಡಾಟ ಕಡಿಮೆ ಇರುವ ಹೊತ್ತಿನಲ್ಲಿ ಕೊಯ್ದು, ಹುಲ್ಲನ್ನು ಕೂಡಲೇ ಸಾಗಿಸುವುದು ಮೇಲು.

ಪಕ್ಷಿಸಮುದಾಯ ಇದ್ದಂತೆಯೇ ಇರುವುದೂ ಇಲ್ಲ. 1980ರ ದಶಕದಲ್ಲಿ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದೇಶದ ವಿಮಾನ ನಿಲ್ದಾಣಗಳಲ್ಲಿ ಅಧ್ಯಯನ ನಡೆಸಿದಾಗ ರಣಹದ್ದು ದೊಡ್ಡ ಅಪಾಯವಾಗಿತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ 1992ರಿಂದ 2007ರೊಳಗೆ ಶೇ. 99ಕ್ಕಿಂತ ಹೆಚ್ಚು ಕುಸಿಯಿತು. ಅಪಾಯಕಾರಿ ಹಕ್ಕಿಗಳ ಅಂದಿನ ಪಟ್ಟಿ ಇಂದು ಉಪಯೋಗಕ್ಕೆ ಬಾರದು. ಈಗ ನಗರದ ಶುದ್ಧೀಕರಿಸಿದ ನೀರು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಉತ್ತರದ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿದರೆ ಬೆಳ್ಳಕ್ಕಿ, ಬಾತು, ನೀರುಕಾಗೆಗಳೂ ಬರುತ್ತವೆ. ರೈತರಿಗೆ ಬೇಕಾದ ಆ ನೀರನ್ನು ಯಾರೂ ನಿಲ್ಲಿಸಬಾರದು. ಬದಲಿಗೆ ಬೆಳಗ್ಗೆ–ಸಂಜೆ ಹಿಂಡುಗಳು ಯಾವ ಕೆರೆಯಿಂದ ಯಾವ ಕಡೆಗೆ, ಎಷ್ಟು ಎತ್ತರದಲ್ಲಿ ಹಾರುತ್ತವೆ ಎಂಬುದನ್ನು ವರ್ಷವಿಡೀ ಗುರುತಿಸಿ ವಿಮಾನ ಸಂಚಾರ ನಿಯಂತ್ರಕರಿಗೆ ಒದಗಿಸಬೇಕು.

ಇದಕ್ಕೆ ಹವ್ಯಾಸಿ ಪಕ್ಷಿವೀಕ್ಷಕರ ನೆರವು ಪಡೆಯಬಹುದು. ಪ್ರತಿ ಡಿಕ್ಕಿಯ ನಂತರ ಸಿಕ್ಕ ಗರಿ, ರಕ್ತದ ಕಲೆಗಳಿಂದ ಪ್ರಭೇದ ಗುರುತಿಸಿ, ಆ ದಾಖಲೆಗಳನ್ನು ನಿಲ್ದಾಣಗಳು ಸಂಶೋಧಕರಿಗೆ ತೆರೆದಿಡಬೇಕು. 10 ಕಿ.ಮೀ. ವ್ಯಾಪ್ತಿಯ ಸ್ಥಳೀಯ ಆಡಳಿತಗಳು ಮಾಂಸದಂಗಡಿಗಳ ತ್ಯಾಜ್ಯವನ್ನು ಪ್ರದರ್ಶನದ ವಾರಗಳಲ್ಲಿ ಮಾತ್ರವಲ್ಲ, ದಿನವೂ ಮುಚ್ಚಿದ ವಾಹನದಲ್ಲಿ ಸಾಗಿಸಲಿ.