ಹಿತ್ತಲು ಸಿಮೆಂಟಾಯಿತು, ಬೆಕ್ಕು ಎಲ್ಲಿ ಕೆರೆಯಬೇಕು?

ಹೋದ ಮಳೆಗಾಲದಲ್ಲಿ ನಮಗೆ ಗೊತ್ತಿರುವ ಮನೆಯೊಂದರಲ್ಲಿ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ಬೈಕಿನಲ್ಲಿ ಒಯ್ದು ಕೆರೆಯಾಚೆ ಬಿಟ್ಟು ಬಂದರು. ಅಕ್ಕಿ ಮೂಟೆಯ ಹಿಂದೆ ಗಲೀಜು ಮಾಡಿದ್ದೇ ಅದರ ತಪ್ಪು. ಅಷ್ಟು ವರ್ಷ ಅದೇ ಮನೆಯ ಇಲಿ ಹಿಡಿದುಕೊಂಡಿದ್ದ ಬೆಕ್ಕು ಅದು. ಇಲ್ಲಿಯವರೆಗೆ ಮಾಡದ್ದನ್ನು ಈಗೇಕೆ ಮಾಡಿತು ಎಂದು ಕೇಳಿದೆವು. ಮನೆಯ ಅಜ್ಜಿಯೇ ಉತ್ತರ ಕೊಟ್ಟರು: "ಹಿತ್ತಲಿಗೆಲ್ಲ ಸಿಮೆಂಟ್ ಹಾಕ್ಸಿದ್ರಲ್ಲಪ್ಪಾ, ಅದಾದ್ರೂ ಎಲ್ಲಿ ಕೆರೀಬೇಕು?"

ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಕೆದಕಿ ನೋಡಿದರೆ ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ.

ನಾವು ಸಾಕುವ ಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಒಣ ನೆಲದ, ಸಡಿಲ ಮಣ್ಣಿನ ಪ್ರಾಣಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು ಸಿಕ್ಕಿದೆ. ಧಾನ್ಯ ಕೂಡಿಟ್ಟಲ್ಲಿ ಇಲಿ ಬಂತು, ಇಲಿ ಹುಡುಕಿಕೊಂಡು ಬೆಕ್ಕು ಬಂತು. ಕಾಡು ಬಿಟ್ಟು ಬಂದರೂ ಮಣ್ಣು ಕೆರೆದು ಮುಚ್ಚುವ ಗುಣವನ್ನು ಮಾತ್ರ ಅದು ಬಿಡಲಿಲ್ಲ. ಹಳ್ಳಿಯಲ್ಲಿ ಅದಕ್ಕೆ ತೊಂದರೆಯೂ ಇರಲಿಲ್ಲ. ತಿಪ್ಪೆ, ಹಿತ್ತಲು, ಒಲೆಯ ಬೂದಿ ಗುಡ್ಡೆ ಎಲ್ಲ ಇದ್ದವು.

ಕಷ್ಟ ಶುರುವಾಗಿದ್ದು ಹಿತ್ತಲಿಲ್ಲದ ಮನೆಗಳಲ್ಲಿ. ಅಮೆರಿಕದಲ್ಲಿಯೂ ಬೆಕ್ಕು ಸಾಕಿದವರು ಡಬ್ಬಿಯಲ್ಲಿ ಮರಳು ಇಲ್ಲವೇ ಬೂದಿ ತುಂಬಿಡುತ್ತಿದ್ದರು. 1947ರ ಜನವರಿಯಲ್ಲಿ ಮಿಚಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ ಚಳಿಗೆ ಮರಳಿನ ರಾಶಿ ಹೆಪ್ಪುಗಟ್ಟಿತು. ಒಬ್ಬ ಹೆಂಗಸು ಬೂದಿ ಬಳಸಿದರೆ ಮನೆಯೆಲ್ಲ ಬೆಕ್ಕಿನ ಕರಿ ಹೆಜ್ಜೆ. ಅವರು ನೆರೆಯ ಎಡ್ ಲೋವ್ ಎಂಬ ಯುವಕನ ಬಳಿ ಸ್ವಲ್ಪ ಮರಳು ಕೇಳಿದರು. ನೌಕಾಪಡೆಯಿಂದ ಮರಳಿದ್ದ ಲೋವ್ ಆಗ ಅಪ್ಪನ ವ್ಯಾಪಾರದಲ್ಲಿದ್ದ. ಕಾರ್ಖಾನೆಗಳ ನೆಲದ ಮೇಲೆ ಚೆಲ್ಲಿದ ಎಣ್ಣೆ ಹೀರಲು ಮರದ ಪುಡಿ, ಒಣ ಜೇಡಿಮಣ್ಣಿನ ಹರಳು ಮಾರುವುದು ಅವರ ಕಸುಬು. ಮರಳಿನ ಬದಲು ಅದೇ ಹರಳನ್ನು ಕೊಟ್ಟು ಕಳಿಸಿದ.

ಆ ಮಣ್ಣು ಯಾವುದು ಗೊತ್ತೇ? ನಮ್ಮ ಅಂಗಡಿಗಳಲ್ಲಿ ಮುಖಕ್ಕೆ ಹಚ್ಚಲು ಸಿಗುತ್ತದಲ್ಲ, ಮುಲ್ತಾನಿ ಮಿಟ್ಟಿ, ಅದೇ ಜಾತಿಯದು. ಉಣ್ಣೆಯ ಜಿಡ್ಡು ತೆಗೆಯಲು ಹಿಂದಿನಿಂದಲೂ ಬಳಸುತ್ತಿದ್ದ ಮಣ್ಣು. ಮುಖದ ಎಣ್ಣೆ ಹೀರುವ ಮಣ್ಣು ಬೆಕ್ಕಿನ ಮೂತ್ರವನ್ನೂ ಹೀರಿತು!

ಆ ಹೆಂಗಸು ಮತ್ತೆ ಬಂದು ಅದೇ ಬೇಕೆಂದರು, ಅವರ ಗೆಳತಿಯರೂ ಕೇಳಿದರು. ಲೋವ್ ಹತ್ತು ಚೀಲಕ್ಕೆ ಎರಡೂಕಾಲು ಕೆಜಿಯಷ್ಟು ತುಂಬಿ, ಮೇಲೆ 'ಕಿಟ್ಟಿ ಲಿಟರ್' ಎಂದು ಕೈಯಲ್ಲೇ ಬರೆದು, 65 ಸೆಂಟ್ ಬೆಲೆ ಇಟ್ಟ. ಮರಳು ಅಷ್ಟು ಅಗ್ಗವಿರುವಾಗ ಇದನ್ನು ಯಾರು ಕೊಳ್ಳುತ್ತಾರೆ ಎಂದ ಅಂಗಡಿಯವ. ಹಾಗಾದರೆ ಪುಕ್ಕಟೆ ಹಂಚಿ ಎಂದ ಲೋವ್. ತೆಗೆದುಕೊಂಡವರು ದುಡ್ಡು ಕೊಡುತ್ತೇವೆಂದು ತಿರುಗಿ ಬಂದರು. ಆಮೇಲೆ ಅವನು ಬೆಕ್ಕಿನ ಪ್ರದರ್ಶನಗಳಿಗೆ ಹೋಗಿ, ಅಲ್ಲಿನ ಡಬ್ಬಿಗಳನ್ನು ತಾನೇ ಬಳಿದು, ಅದಕ್ಕೆ ಬದಲಾಗಿ ಮಳಿಗೆಗೆ ಜಾಗ ಪಡೆದು ಮಾರಿದ. 1990ರಲ್ಲಿ ಆ ಕಂಪನಿಯನ್ನು ಅವನು ಮಾರಿದ್ದು ಸುಮಾರು 20 ಕೋಟಿ ಡಾಲರಿಗೆ.

1980ರ ದಶಕದಲ್ಲಿ ಥಾಮಸ್ ನೆಲ್ಸನ್ ಎಂಬ ಜೀವರಸಾಯನ ವಿಜ್ಞಾನಿ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಇದಕ್ಕೆ ತಂದ. ನೀರು ತಾಗಿದರೆ ಅದು ಉಬ್ಬಿ ಗಟ್ಟಿ ಉಂಡೆಯಾಗುತ್ತದೆ. ಉಂಡೆ ಮಾತ್ರ ಎತ್ತಿ ಬಿಸಾಡಿದರೆ ಸಾಕು. ಈ ಬೆಂಟೊನೈಟ್ ನಮ್ಮ ಗುಜರಾತಿನ ಕಚ್ಛ್‌ನಲ್ಲಿ ಹೇರಳವಾಗಿದೆ, ಅಲ್ಲಿಂದ ಹೊರದೇಶದ ಬೆಕ್ಕುಗಳಿಗೂ ಹೋಗುತ್ತದೆ. ಇದನ್ನು ಸಂಡಾಸಿಗೆ ಸುರಿದು ನೀರು ಬಿಡಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ.

ಪೇಟೆಯಲ್ಲಿ ಬಾಗಿಲು, ಮುಚ್ಚಳ ಇರುವ ಚೆಂದದ ಡಬ್ಬಿಗಳು ಸಿಗುತ್ತವೆ. ಮುಚ್ಚಳ ಇರುವುದು ಬೆಕ್ಕಿಗಿಂತ ನಮ್ಮ ಮೂಗಿಗಾಗಿ ಎಂಬುದು ನಮ್ಮ ಅನುಮಾನ. ಬಳಿಯುವುದನ್ನು ಮರೆತರೆ ವಾಸನೆಯೆಲ್ಲ ಒಳಗೇ ನಿಲ್ಲುತ್ತದೆ, ಬೆಕ್ಕು ಒಳಗೆ ಹೋಗುವುದಿಲ್ಲ. ಮುಖ್ಯವಾಗಿ ನೋಡಬೇಕಾದ್ದು ಅಳತೆ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಇರಲಿ, ಒಳಗೆ ನಿಂತು ತಿರುಗಲು ಆಗಬೇಕು. ಗಾರೆ ಕೆಲಸದವರ ಪ್ಲಾಸ್ಟಿಕ್ ಬಾಂಡ್ಲಿ, ಹಳೆಯ ಟಬ್ ಯಾವುದಾದರೂ ಆದೀತು. ಒಣ ಮರಳು ಮೂರು ಬೆರಳಿನಷ್ಟು ಹಾಕಿ. ಅನ್ನ ಹಾಕುವ ಜಾಗದ ಹತ್ತಿರ ಇಡಬೇಡಿ. ಎರಡು ಬೆಕ್ಕಿದ್ದರೆ ಮೂರು ಡಬ್ಬಿ ಎನ್ನುತ್ತಾರೆ ಪಶುವೈದ್ಯರು. ನಮ್ಮ ಮನೆಗಳಲ್ಲಿ ಅದು ಸ್ವಲ್ಪ ಹೆಚ್ಚಾಯಿತು, ಎರಡಾದರೂ ಇರಲಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿ ಇರಬಹುದು. ಬಸುರಿಗೆ ಅದು ಹೊಸದಾಗಿ ತಗುಲಿದರೆ ಗರ್ಭಪಾತವಾಗಬಹುದು, ಮಗುವಿನ ಕಣ್ಣು, ಮೆದುಳಿಗೆ ಪೆಟ್ಟು ಬೀಳಬಹುದು. ಮಲ ಬಿದ್ದ ಕೂಡಲೇ ಅದು ಹರಡುವುದಿಲ್ಲ, ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಡಬ್ಬಿಯನ್ನು ದಿನಾ ಬಳಿಯಬೇಕು, ಬಸುರಿಯರು ಆ ಕೆಲಸ ಮಾಡಬಾರದು, ಗಂಡಸರು ಮಾಡಲಿ. ಬೆಕ್ಕನ್ನು ಓಡಿಸಿಬಿಟ್ಟರೆ ಮುಗಿಯಿತು ಎಂದೂ ತಿಳಿಯಬೇಡಿ. ಹೊಲದ ಮಣ್ಣು, ತೊಳೆಯದ ಸೊಪ್ಪು, ಅರೆಬೆಂದ ಮಾಂಸದಿಂದಲೂ ಅದು ಬರುತ್ತದೆ.

ಗಂಡು ಬೆಕ್ಕು ಪದೇ ಪದೇ ಕೂತು ತಿಣುಕಿ, ಮೂತ್ರ ಬಾರದೆ ಕೂಗುತ್ತಿದ್ದರೆ ಅದು ಹಟವಲ್ಲ, ಮೂತ್ರನಾಳ ಕಟ್ಟಿದೆ ಎಂದರ್ಥ. ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ, ತಡವಾದರೆ ಉಳಿಯುವುದಿಲ್ಲ.

ಅಂದ ಹಾಗೆ, ಕೆರೆಯಾಚೆ ಬಿಟ್ಟ ಬೆಕ್ಕು ತಿರುಗಿ ಬರಲಿಲ್ಲ. ದೀಪಾವಳಿ ಹೊತ್ತಿಗೆ ಇಲಿಗಳು ಅಕ್ಕಿ ಮೂಟೆ ತೂತು ಮಾಡಿದವು. ಈಗ ಆ ಮನೆಗೆ ಹೊಸ ಮರಿ ಬಂದಿದೆ. ಬಚ್ಚಲ ಮೂಲೆಯಲ್ಲಿ ಬಾಂಡ್ಲಿ, ಅದರಲ್ಲಿ ಮರಳು. ಅಂಚು ಎತ್ತರವಾಗಿ ಮರಿಗೆ ಹತ್ತಲು ಆಗುವುದಿಲ್ಲವೆಂದು ಅಜ್ಜಿ ಪಕ್ಕದಲ್ಲೊಂದು ಇಟ್ಟಿಗೆ ಇಟ್ಟಿದ್ದಾರೆ.