ದಿನಕ್ಕೆರಡು ಆಣೆಯ ಬ್ಯಾಂಕು

ಈಚೆಗೆ ಪತ್ರಿಕೆ ತೆರೆದರೆ ಸಾಕು, ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆ ಎಂಬ ಮಾತು ಕಣ್ಣಿಗೆ ಬೀಳುತ್ತದೆ. ಶಾಲೆಗೆ ಬೆಂಚು ಕೊಟ್ಟದ್ದು, ಊರಿಗೆ ನೀರಿನ ಟಾಕಿ ಕಟ್ಟಿಸಿದ್ದು, ರಸ್ತೆಯ ಬದಿಗೆ ಸಸಿ ನೆಟ್ಟು ಅದರ ಪಕ್ಕದಲ್ಲಿ ಸಸಿಗಿಂತ ದೊಡ್ಡ ಫಲಕ ನಿಲ್ಲಿಸಿದ್ದು, ಎಲ್ಲವೂ ಅದೇ ಹೆಸರಿನಲ್ಲಿ. 2013ರ ಕಂಪೆನಿ ಕಾಯಿದೆಯ 135ನೆಯ ಕಲಮು ಇದನ್ನು ಕಡ್ಡಾಯ ಮಾಡಿತು. 2014ರ ಎಪ್ರಿಲ್ 1ರಿಂದ ಅದು ಜಾರಿಗೆ ಬಂತು. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೆ 1,000 ಕೋಟಿಯ ವಹಿವಾಟು, ಇಲ್ಲವೆ 500 ಕೋಟಿಯ ನಿವ್ವಳ ಆಸ್ತಿ ಇರುವ ಕಂಪೆನಿಯು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕು.

ಸರಕಾರಿ ನಿಯಮಗಳನ್ನು ಕೊನೆಯ ಸಾಲಿನವರೆಗೆ ಓದುವುದು ನನ್ನ ಹೊಟ್ಟೆಪಾಡಿನ ಅಭ್ಯಾಸ. ಹಾಗೆ ಓದುತ್ತಿರುವಾಗ ಅಲ್ಲೊಂದು ಷರತ್ತು ಕಂಡಿತು. ಕಂಪೆನಿಯು ತನ್ನ ನಿತ್ಯದ ವ್ಯಾಪಾರದ ಅಂಗವಾಗಿ ಮಾಡುವ ಕೆಲಸ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಎಂದರೆ ವ್ಯಾಪಾರ ಬೇರೆ, ಸೇವೆ ಬೇರೆ. ಮೊದಲು ಗಳಿಸಬೇಕು, ಆಮೇಲೆ ಅದರಲ್ಲಿ ಸ್ವಲ್ಪ ತೆಗೆದು ಕೊಡಬೇಕು. ಮೋಸಗಾರಿಕೆ ತಡೆಯಲು ಇಂಥ ಷರತ್ತು ಅಗತ್ಯವೇ ಇರಬಹುದು. ಆದರೆ ಓದಿದೊಡನೆ ನನಗೆ ಉಡುಪಿಯ ನೆನಪಾಯಿತು. ವ್ಯಾಪಾರವನ್ನೇ ಸೇವೆಯಾಗುವಂತೆ ಹೂಡಿದ ಕೆಲವರು ಅಲ್ಲಿದ್ದರು. ಈ ನಿಯಮದ ಪ್ರಕಾರ ನೋಡಿದರೆ ಅವರು ಮಾಡಿದ ಮುಖ್ಯ ಕೆಲಸ ಯಾವ ಕಾಲಮಿನಲ್ಲಿಯೂ ಬರೆಯಲು ಬಾರದು!

ಆಗಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ರಾಜಧಾನಿಗೆ ದೂರ, ಒಂದು ಕಡೆ ಘಟ್ಟ, ಇನ್ನೊಂದು ಕಡೆ ಕಡಲು, ನಡುವೆ ನಾಲ್ಕಾರು ಮೈಲಿಗೊಂದು ಹೊಳೆ, ಹೊಳೆಗೊಂದು ಕಡವು. ದೊಡ್ಡ ಉದ್ಯಮ ಎಂಬುದು ಮಂಗಳೂರಿನ ಹೆಂಚಿನ ಕಾರ್ಖಾನೆಗಳನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಇಂಥ ಜಿಲ್ಲೆಯಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಇಪ್ಪತ್ತಕ್ಕೂ ಹೆಚ್ಚು ಬ್ಯಾಂಕುಗಳು ಹುಟ್ಟಿದವು. ಹಣವಿದ್ದ ಕಡೆ ಬ್ಯಾಂಕು ಹುಟ್ಟುವುದು ಸಹಜ. ಹಣವಿಲ್ಲದ ಕಡೆ ಇಷ್ಟೊಂದು ಹುಟ್ಟಿದ್ದು ಹೇಗೆ?

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಪ್ರಾರಂಭವಾಯಿತು. ಇದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದದ್ದು. ಅದರ ಸ್ಥಾಪಕರು ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಸಾಹೇಬರು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಕೂಡಿಸಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಗಳನ್ನೂ ಬಿಡದೆ ಬರೆದಿಟ್ಟ ಗುಮಾಸ್ತ ಯಾರೋ, ಆತನಿಗೆ ಈ ಗುಮಾಸ್ತನ ನಮಸ್ಕಾರ. ಉಡುಪಿಯ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆ ನಿಂತದ್ದು ಹಾಜಿ ಅಬ್ದುಲ್ಲಾ ಅವರು ಕೊಟ್ಟ ಜಾಗದಲ್ಲಿಯೇ.

ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. ಅವರು ಅದಕ್ಕೂ ಮೊದಲು, 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಸ್ಥಾಪಿಸಿದ್ದವರು. ಶಾಲೆ ಮೊದಲು, ಬ್ಯಾಂಕು ಆಮೇಲೆ ಎಂಬ ಈ ಕ್ರಮವನ್ನು ಗಮನಿಸಬೇಕು. ಫಂಡಿನ ಧ್ಯೇಯಗಳಲ್ಲಿ ಜನರ ಅಜ್ಞಾನ, ಮೂಢನಂಬಿಕೆಗಳನ್ನು ಹೋಗಲಾಡಿಸುವುದು, ವಿದ್ಯೆ ಹರಡುವುದು, ಉಳಿತಾಯದ ರೂಢಿ ಬೆಳೆಸುವುದು ಇವೆಲ್ಲ ಸೇರಿದ್ದವು. ನಾಲ್ಕೇ ತಿಂಗಳಲ್ಲಿ, 1906ರ ಅಕ್ಟೋಬರಿನಲ್ಲಿ, ಮದರಾಸಿನ ಹೆಸರಾಂತ ಆರ್ಬತ್‌ನಾಟ್ ಕಂಪೆನಿ ದಿವಾಳಿಯಾಗಿ ಸಾವಿರಾರು ಜನರ ಠೇವಣಿ ಮುಳುಗಿತು. ಅಂಥ ಕಾಲದಲ್ಲಿಯೂ ಮಂಗಳೂರಿನ ಈ ಫಂಡು ಉಳಿದುಕೊಂಡಿತು. ಸುಬ್ಬರಾವ್ ಪೈಗಳು 1909ರಲ್ಲಿ ತೀರಿಕೊಂಡರು. ಮರುವರ್ಷ ಅದು ಕೆನರಾ ಬ್ಯಾಂಕ್ ಎಂಬ ಹೆಸರು ಪಡೆಯಿತು. ಅದನ್ನು ಅವರು ನೋಡಲಿಲ್ಲ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದಕ್ಕಿಂತ ಇಪ್ಪತ್ತು ವರ್ಷ ಈಚಿನ ಕಥೆ.

1920ರ ದಶಕದಲ್ಲಿ ಉಡುಪಿಯ ಸುತ್ತಿನ ಕೈಮಗ್ಗದ ನೇಕಾರರು ದೊಡ್ಡ ಸಂಕಟದಲ್ಲಿದ್ದರು. ಗಿರಣಿ ಬಟ್ಟೆಯೊಡನೆ ಪೈಪೋಟಿ ಮಾಡಿ ಮಗ್ಗ ಉಳಿಸಿಕೊಳ್ಳಬೇಕು. ನೂಲು ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಸಾಲಕ್ಕೆ ನೂಲು ತಂದರೆ ನೇಯ್ದ ಬಟ್ಟೆಯ ಬೆಲೆ ಸಾಲ ಕೊಟ್ಟವನು ಹೇಳಿದಷ್ಟು. ಈ ನೇಕಾರರಿಗೆ ನೆರವಾಗಬೇಕೆಂದು ಮೂವರು ಕೂಡಿದರು: ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ಮತ್ತು ಉಪೇಂದ್ರ ಪೈಗಳ ತಮ್ಮ, ಮದರಾಸಿನಲ್ಲಿ ವೈದ್ಯ ವಿದ್ಯೆ ಕಲಿತು ಬಂದಿದ್ದ ಡಾಕ್ಟರ್ ಟಿ. ಎಂ. ಎ. ಪೈ. 1925ರಲ್ಲಿ 8,000 ರೂಪಾಯಿ ಬಂಡವಾಳ ಹೂಡಿ ಅವರು ತೆರೆದ ಸಂಸ್ಥೆಯ ಹೆಸರು ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್. ನೌಕರನೆಂದು ಇದ್ದವನು ಒಬ್ಬನೇ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

ಆ ಮೂವರೂ ಅನುಕೂಲಸ್ಥರು. ನೇಕಾರರಿಗೆ ಒಂದಿಷ್ಟು ದಾನ ಕೊಟ್ಟು ಸುಮ್ಮನಿರಬಹುದಿತ್ತು. ದಾನದಿಂದ ಒಂದು ಹಬ್ಬ ಕಳೆಯುತ್ತದೆ, ಮಗ್ಗ ನಡೆಯುವುದಿಲ್ಲ ಎಂಬುದನ್ನು ಅವರು ಅರಿತಿದ್ದಂತೆ ಕಾಣುತ್ತದೆ. ಸಾಲ ಕೊಡಲು ಹಣ ಬೇಕು; 8,000 ರೂಪಾಯಿ ಎಷ್ಟು ದಿನಕ್ಕೆ ಬಂದೀತು? ಹಣ ಅದೇ ಊರಿನ ಜನರಿಂದಲೇ ಬರಬೇಕು. ಆದರೆ ಊರಿನವರ ಬಳಿ ಠೇವಣಿ ಇಡುವಂಥ ಮೊತ್ತ ಒಟ್ಟಿಗೆ ಎಲ್ಲಿತ್ತು? ಬೆಳಿಗ್ಗೆ ದುಡಿದದ್ದು ಸಂಜೆಯ ಅಕ್ಕಿಗೆ, ಉಪ್ಪು ಮೆಣಸಿಗೆ ಸರಿಹೋಗುತ್ತಿತ್ತು. ಉಳಿದರೆ ಒಂದೆರಡು ಆಣೆ. ಆ ಎರಡಾಣೆ ಹಿಡಿದುಕೊಂಡು ಯಾರು ಬ್ಯಾಂಕಿನ ಮೆಟ್ಟಲು ಹತ್ತುತ್ತಾರೆ? ಹತ್ತಿದರೂ ಒಳಗಿನವರು ಏನೆಂದಾರು?

1928ರಲ್ಲಿ ಈ ಪ್ರಶ್ನೆಗೆ ಸಿಕ್ಕಿದ ಉತ್ತರವೇ ಪಿಗ್ಮಿ ಠೇವಣಿ. ಜನ ಬ್ಯಾಂಕಿಗೆ ಬಾರದಿದ್ದರೆ ಬ್ಯಾಂಕೇ ಜನರ ಬಳಿಗೆ ಹೋಗಬೇಕು. ಬ್ಯಾಂಕಿನ ಏಜೆಂಟನು ದಿನವೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಾದರೂ ಸರಿ, ಪಡೆದು, ಪುಸ್ತಕದಲ್ಲಿ ಗುರುತು ಹಾಕಿ ಬರುತ್ತಿದ್ದ. ಆತನಿಗೆ ಸಂಬಳವಿಲ್ಲ, ಕೂಡಿಸಿದ ಹಣದ ಮೇಲೆ ಕಮಿಷನ್. ಗಿಡ್ಡ ಮೈಕಟ್ಟಿನ ಆಫ್ರಿಕದ ಜನರಿಗೆ ಇಂಗ್ಲಿಷರು ಇಟ್ಟ ಹೆಸರನ್ನು ಈ ಪುಟ್ಟ ಠೇವಣಿಗೆ ಕೊಟ್ಟರು. ಇಂದಿನ ಕಿವಿಗೆ ಅದು ಅಷ್ಟು ಒಳ್ಳೆಯ ಹೆಸರಲ್ಲ. ಆದರೆ ಕನ್ನಡದಲ್ಲಿ ಆ ಮೂಲಾರ್ಥ ಮರೆತೇ ಹೋಗಿ, "ಪಿಗ್ಮಿ ಕಟ್ಟುವುದು" ಎಂದರೆ ದಿನದ ಉಳಿತಾಯ ಎಂದೇ ರೂಢಿಯಾಗಿಬಿಟ್ಟಿದೆ.

ಲೆಕ್ಕ ನೋಡೋಣ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ. ಅಂದರೆ 45 ರೂಪಾಯಿ 10 ಆಣೆ. ಅಂದಿನ ಕೂಲಿಯ ಮನೆಯಲ್ಲಿ ಇಷ್ಟು ದುಡ್ಡು ಒಟ್ಟಿಗೆ ಕಂಡದ್ದೇ ಅಪರೂಪವಿದ್ದೀತು. ಇನ್ನು ಬ್ಯಾಂಕಿನ ಕಡೆಯಿಂದ ನೋಡಿದರೆ, ಅದರ ಆರಂಭದ ಬಂಡವಾಳವಾದ 8,000 ರೂಪಾಯಿ ಎಂದರೆ 64,000 ಎರಡಾಣೆಗಳು. 200 ಮನೆಗಳು ದಿನಾ ತಪ್ಪದೆ ಎರಡಾಣೆ ಕೊಟ್ಟರೆ 320 ದಿನಗಳಲ್ಲಿ ಅಷ್ಟೇ ಹಣ ಇನ್ನೊಮ್ಮೆ ಕೂಡುತ್ತದೆ! ಶ್ರೀಮಂತನ ಠೇವಣಿ ಒಂದು ಗಾಳಿಸುದ್ದಿಗೆ ಒಂದೇ ಸಲ ಎದ್ದುಹೋಗಬಹುದು. ಈ ಎರಡಾಣೆಗಳು ಹಾಗೆ ಓಡುವುದಿಲ್ಲ. ಇನ್ನೊಂದು ಲಾಭವೂ ಇತ್ತು. ದಿನವೂ ಜಗಲಿಯವರೆಗೆ ಹೋಗುವ ಏಜೆಂಟನಿಗೆ ಯಾರ ಮನೆಯಲ್ಲಿ ದುಡಿಮೆಯಿದೆ, ಯಾರು ಮಾತಿಗೆ ತಪ್ಪುವುದಿಲ್ಲ ಎಂಬುದು ತಿಳಿಯುತ್ತದೆ. ಅಡವು ಇಡಲು ಚಿನ್ನವಿಲ್ಲದವನಿಗೆ ಸಾಲ ಕೊಡಬೇಕಾದಾಗ ಇಂಥ ಪರಿಚಯಕ್ಕೆ ಬೆಲೆಯಿದೆ. ಆದ್ದರಿಂದ ಇದನ್ನು ಬರಿಯ ಪರೋಪಕಾರವೆಂದರೆ ತಪ್ಪು, ಬರಿಯ ವ್ಯಾಪಾರವೆಂದರೂ ತಪ್ಪು.

ನಾನು ಕಂಡ ಪಿಗ್ಮಿ 1980ರ ದಶಕದ್ದು. ಆಗ ಆಣೆ ಹೋಗಿ ರೂಪಾಯಿ ಬಂದಿತ್ತು. ಅಮ್ಮ ಬೀಡಿ ಕಟ್ಟುತ್ತಿದ್ದರು. ಸಂಜೆ ಐದರ ಹೊತ್ತಿಗೆ ಬಗಲಲ್ಲಿ ಕೊಡೆ, ಹೆಗಲಿಗೆ ಚೀಲ ಹಾಕಿಕೊಂಡ ಪಿಗ್ಮಿಯವರು ಅಂಗಳದಿಂದಲೇ ಕೂಗುತ್ತಿದ್ದರು. ಅಮ್ಮ ಬೀಡಿಯ ಗೆರಸೆಯನ್ನು ಪಕ್ಕಕ್ಕಿಟ್ಟು ಎರಡು ರೂಪಾಯಿ ತಂದು ಕೊಡುತ್ತಿದ್ದರು. ಇಲ್ಲದ ದಿನ "ನಾಳೆ ಒಟ್ಟಿಗೆ ಕೊಡುತ್ತೇನೆ" ಎಂದರೆ ಅವರು ಸರಿ ಎಂದು ನೀರು ಕುಡಿದು ಹೋಗುವರು. ಮನೆಯಲ್ಲಿ ಅಪ್ಪನಿಗೆ ಗೊತ್ತಿಲ್ಲದ ಹಣವೆಂದರೆ ಅದೊಂದೇ ಎಂದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಬಿ.ಎಸ್ಸಿ. ಮೊದಲ ವರ್ಷದ ಫೀಸು ಕಟ್ಟಲು ನಾನು ಒಯ್ದದ್ದು ಆ ಹಣವನ್ನೇ.

ಬ್ಯಾಂಕು ಬೆಳೆದ ಬಗೆಯನ್ನು ಬೇಗನೆ ಹೇಳಿ ಮುಗಿಸಬಹುದು. ಮೊದಲ ಶಾಖೆ 1928ರಲ್ಲಿ ಬ್ರಹ್ಮಾವರದಲ್ಲಿ. ಪ್ರಧಾನ ಕಚೇರಿ 1942ರಲ್ಲಿ ಮಣಿಪಾಲದ ಬೋಳುಗುಡ್ಡಕ್ಕೆ ಏರಿತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಹೆಂಗಸರೇ ನಡೆಸುವ ಶಾಖೆಯನ್ನು ತೆರೆಯಿತು. ಉಪೇಂದ್ರ ಪೈಗಳ ಮಗ ಟಿ. ಎ. ಪೈ ಅವರ ಕಾಲದಲ್ಲಿ, ರಾಷ್ಟ್ರೀಕರಣಕ್ಕೆ ಮೊದಲೇ, ರೈತರಿಗೆ ಸಾಲ ಕೊಡುವುದರಲ್ಲಿ ಹೆಸರು ಮಾಡಿತು. ಡಾ. ಪೈಗಳು 1953ರಲ್ಲಿ ಮಣಿಪಾಲದಲ್ಲಿ ಸರಕಾರದ ಬೊಕ್ಕಸವನ್ನು ನೆಚ್ಚದೆ ವಿದ್ಯಾರ್ಥಿಗಳ ಶುಲ್ಕದಿಂದ ನಡೆಯುವ ವೈದ್ಯ ಕಾಲೇಜು ಕಟ್ಟಿದರು. ಎರಡಾಣೆಯವರಿಗೆ ಬಾಗಿಲು ತೆರೆದ ಬ್ಯಾಂಕು, ಶುಲ್ಕ ಕೊಡಬಲ್ಲವರಿಗೆ ಬಾಗಿಲು ತೆರೆದ ಕಾಲೇಜು, ಎರಡೂ ಒಂದೇ ಕೈಯ ಕೆಲಸ. ಎರಡನೆಯದರ ಬಗ್ಗೆ ಅಂದೂ ಇಂದೂ ವಾದವಿದೆ. ಖಾಸಗಿ ಕಾಲೇಜುಗಳ ಹಕ್ಕನ್ನು ಕುರಿತ 2002ರ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪು ಡಾ. ಪೈಗಳ ಹೆಸರಿನ ಪ್ರತಿಷ್ಠಾನದ ಮೊಕದ್ದಮೆಯಲ್ಲಿಯೇ ಬಂದದ್ದು.

ಬಚ್ಚಿಡಬಾರದ ಇನ್ನೆರಡು ಮಾತುಗಳಿವೆ. ಈ ಬ್ಯಾಂಕುಗಳು ಹುಟ್ಟಿದ್ದು ಬಹುಮಟ್ಟಿಗೆ ಜಾತಿ ಸಮುದಾಯಗಳ ಆಸರೆಯಲ್ಲಿ. ಗೌಡ ಸಾರಸ್ವತರು ಮಾಡಿದರೆಂದು ಇತರರೂ ಮಾಡಿದರು. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ಮುಂದಾಳುತನದಲ್ಲಿ ಬಂಟರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ತೆರೆದರು. ನೌಕರಿ ಕೊಡುವಾಗ ತಮ್ಮವರು ಎಂಬ ಭಾವ ಇರಲೇ ಇಲ್ಲ ಎಂದರೆ ನಮ್ಮ ಊರಿನ ಹಿರಿಯರು ನಕ್ಕಾರು. ಆದರೆ ಎರಡಾಣೆಯ ವ್ಯಾಪಾರದಲ್ಲಿ ಒಂದು ಜಾತಿಯ ಜನ ಸಾಲುವುದಿಲ್ಲ. ಎಲ್ಲರ ಮನೆಯ ಅಂಗಳಕ್ಕೂ ಹೋಗಲೇಬೇಕು. ಉಪದೇಶದಿಂದ ಆಗದಿದ್ದುದು ಸ್ವಲ್ಪಮಟ್ಟಿಗೆ ಈ ಲೆಕ್ಕಾಚಾರದಿಂದ ಆಯಿತು.

ಇನ್ನೊಂದು, ಆ ಕೊಡೆ ಚೀಲದವರ ಕಥೆ. ಅಷ್ಟು ದೊಡ್ಡ ಬ್ಯಾಂಕು ನಿಂತದ್ದು ಅವರ ಕಾಲುಗಳ ಮೇಲೆ. ಆದರೆ ಅವರು ಬ್ಯಾಂಕಿನ ನೌಕರರೆ? ಅಲ್ಲ, ಕಮಿಷನಿನವರು, ಎಂದಿತು ಬ್ಯಾಂಕುಗಳ ಪಕ್ಷ. ವಿವಾದವನ್ನು 1980ರಲ್ಲಿ ಕೈಗಾರಿಕಾ ನ್ಯಾಯಮಂಡಳಿಗೆ ಒಪ್ಪಿಸಲಾಯಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2001ರಲ್ಲಿ. ಕಡತಗಳ ನಡಿಗೆ ಬಲ್ಲ ನನಗೂ ಇಪ್ಪತ್ತೊಂದು ವರ್ಷ ಹೆಚ್ಚೆನಿಸಿತು. ಅವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಹೌದು, ಕನಿಷ್ಠ ಭರವಸೆಯ ಸಂಬಳಕ್ಕೂ ಗ್ರಾಚ್ಯುಯಿಟಿಗೂ ಅರ್ಹರು, ಆದರೆ ಖಾಯಂ ನೌಕರರಾಗಿ ಸೇರಿಸಿಕೊಳ್ಳಬೇಕಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ಬಡವನ ಬಾಗಿಲಿಗೆ ಹೋದ ಬ್ಯಾಂಕು ತನ್ನ ಬಾಗಿಲಲ್ಲೇ ನಿಂತವನನ್ನು ಒಳಗೆ ಕರೆಯಲು ಇಷ್ಟು ತಡಮಾಡಿತಲ್ಲ ಎಂಬ ಕೊರಗು ನನಗಿದೆ. ಸೇವೆಯ ಇತಿಹಾಸ ಬರೆಯುವವರು ಈ ಅಧ್ಯಾಯವನ್ನು ಬಿಟ್ಟು ಬರೆಯಬಾರದು.

1969ರ ಜುಲೈ 19ರಂದು ರಾಷ್ಟ್ರೀಕರಣವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಇದ್ದವು. 1980ರ ಎಪ್ರಿಲ್ 15ರ ಆರರಲ್ಲಿ ಕಾರ್ಪೊರೇಶನ್ ಮತ್ತು ವಿಜಯಾ. ಇಡೀ ದೇಶದ ಇಪ್ಪತ್ತರಲ್ಲಿ ನಾಲ್ಕು ಒಂದೇ ಜಿಲ್ಲೆಯವು! ಸರಕಾರದ ಕೈಗೆ ಹೋದ ಮೇಲೂ ಹಳೆಯ ಗುಣ ಪೂರ್ತಿ ಅಳಿಯಲಿಲ್ಲ. ದೇಶದ ಮೊತ್ತಮೊದಲ ಗ್ರಾಮೀಣ ಬ್ಯಾಂಕಾದ 'ಪ್ರಥಮಾ'ವನ್ನು 1975ರ ಗಾಂಧಿ ಜಯಂತಿಯಂದು ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ಪ್ರಾಯೋಜಿಸಿದ್ದು ಸಿಂಡಿಕೇಟ್ ಬ್ಯಾಂಕೇ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರೊಡನೆ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೂಡಿ ಉಜಿರೆಯಲ್ಲಿ ಹಳ್ಳಿಯ ತರುಣರಿಗೆ ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಆ ಮಾದರಿಯನ್ನೇ ಮುಂದೆ ಕೇಂದ್ರ ಸರಕಾರ ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು.

ಮುಂಬಯಿಗೆ ಬಂದ ನಮ್ಮ ಹಿಂದಿನ ತಲೆಮಾರಿನವರಿಗೆ ಈ ಬ್ಯಾಂಕುಗಳ ಫಲಕವೆಂದರೆ ಊರಿನ ನಂಟರ ಮನೆಯ ಬಾಗಿಲಿದ್ದಂತೆ. ಹೋಟೆಲಿನಲ್ಲಿ ದುಡಿಯುವ ಹುಡುಗ ಅಲ್ಲಿ ಹೋಗಿ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿ ಮನೆಗೆ ಹಣ ಕಳುಹಿಸಬಹುದಿತ್ತು. ಆ ಫಲಕಗಳಲ್ಲಿ ಮೂರು ಈಗ ಇಲ್ಲ. ವಿಜಯಾ 2019ರ ಎಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ತಾರೀಕಿಗೆ ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ದೇಶವೆಲ್ಲ ಲಾಕ್‌ಡೌನಿನಲ್ಲಿ ಮನೆಯೊಳಗಿದ್ದ ದಿನಗಳು ಅವು. ಫಲಕ ಇಳಿಸಿದ್ದನ್ನು ನಿಂತು ನೋಡಿದವರೂ ಕಡಿಮೆ.

ಕಳೆದ ಸಲ ಊರಿಗೆ ಹೋದಾಗ ಉಡುಪಿಯ ರಥಬೀದಿಯ ಹತ್ತಿರದ ಒಂದು ಹೂವಿನ ಅಂಗಡಿಯಲ್ಲಿ ನಿಂತಿದ್ದೆ. ಬೈಕಿನಲ್ಲಿ ಒಬ್ಬ ತರುಣ ಬಂದ. ಹೂವಿನಾಕೆ ಏನೂ ಕೇಳದೆ ಐವತ್ತರ ಎರಡು ನೋಟು ಕೊಟ್ಟಳು. ಆತ ಅಂಗೈಯಷ್ಟಗಲದ ಯಂತ್ರದಲ್ಲಿ ಒತ್ತಿ, ಚೀಟಿ ಹರಿದು ಕೊಟ್ಟು ಮುಂದಿನ ಅಂಗಡಿಗೆ ಹೋದ. ಯಾವ ಬ್ಯಾಂಕಿನವನೆಂದು ಆಕೆಯನ್ನು ಕೇಳಿದೆ. "ಬ್ಯಾಂಕಲ್ಲ ಮಾರಾಯ್ರೆ, ಸೊಸೈಟಿಯವನು. ಪಿಗ್ಮಿಗೆ ಬಂದದ್ದು" ಎಂದಳು.